ಮೊದಲು ಎದ್ದವಳು

ಅಪ್ಪನ ಎಡಗಣ್ಣಿನ ಪೊರೆ ತೆಗೆಸಲೇಬೇಕು ಎಂದು ಡಾಕ್ಟರು ಹೇಳಿದ ಮೇಲೆ ಹೆಣ್ಣುಮಕ್ಕಳಿಬ್ಬರೂ ಫೋನಿನಲ್ಲೇ ಮಾತಾಡಿಕೊಂಡು, ಆಪರೇಷನ್ ಇಬ್ಬರಲ್ಲಿ ಒಬ್ಬಳಾದ ಗುಬ್ಬಿಯ ಊರಿನಲ್ಲಿ ಆಗಲಿ ಎಂದು ಗೊತ್ತುಮಾಡಿದರು. ಕಣ್ಣಾಸ್ಪತ್ರೆ ಇದ್ದದ್ದು ಗುಬ್ಬಿಯ ಮನೆಯಿಂದ ಎರಡೇ ಬಸ್‌ಸ್ಟಾಪಿನಾಚೆ. ಅವಳು ಕೆಲಸ ಮಾಡುವ ಕನ್ನಡಕದ ವರ್ಕ್‌ಶಾಪಂತೂ ಆಸ್ಪತ್ರೆಯ ಎದುರಿನ ಓಣಿಯಲ್ಲೇ. ಇನ್ನೊಬ್ಬ ಮಗಳು ಪಾಪಚ್ಚಿ ಅಪ್ಪನನ್ನು ಬಸ್ಸಿನಲ್ಲಿ ಕರೆತಂದು, ಯಾವ ಮಾತ್ರೆ ಎಷ್ಟು ಹೊತ್ತಿಗೆ ಎಂದು ನಾಲ್ಕು ಹಾಳೆ ಬರೆದುಕೊಟ್ಟು, ಎರಡು ವಾರ ಬಿಟ್ಟು ಭಾನುವಾರ ಬರುತ್ತೇನೆಂದು ಸಂಜೆಯ ಬಸ್ಸಿಗೇ ವಾಪಸಾದಳು.

ಹೆಸರಿಗೆ ಗುಬ್ಬಿ, ಆದರೆ ಆಳು ಚಿಕ್ಕವಳೇನಲ್ಲ. ನಲವತ್ತಾರು ದಾಟಿದ, ಅಗಲ ಭುಜದ, ಉಗುರಿನ ಸಂದಿಯಲ್ಲಿ ಸದಾ ಲೆನ್ಸಿನ ಬಿಳಿಪುಡಿ ಇರುವ ಹೆಂಗಸು. ಹದಿನೆಂಟು ವರ್ಷದಿಂದ ಅದೇ ಮೇಜು, ಅದೇ ಸಾಣೆ ಯಂತ್ರ. ಚೀಟಿಯಲ್ಲಿ ಬರೆದ ಪವರ್ ನೋಡಿ, ಲೆನ್ಸಿನ ನಡುಮಧ್ಯಕ್ಕೆ ಚುಕ್ಕಿಯಿಟ್ಟು, ಫ್ರೇಮಿನ ಆಕಾರಕ್ಕೆ ಅಂಚು ಸವೆಸಿ ಕೂರಿಸುವುದು ಅವಳ ಕೆಲಸ. ಚುಕ್ಕಿ ಕೂದಲೆಳೆಯಷ್ಟು ಸರಿದರೂ ಹಾಕಿಕೊಂಡವರಿಗೆ ತಲೆನೋವು. ಅವಳ ಕೈಯಲ್ಲಿ ಅದು ಸರಿದದ್ದು ಕಡಿಮೆ. ಪಾಪಚ್ಚಿ ಅವಳ ಅವಳಿ. ಒಂದೇ ದಿನ ಹುಟ್ಟಿದವಳು, ಮಕ್ಕಳ ಸ್ಕೂಲು ಯೂನಿಫಾರ್ಮ್ ಹೊಲಿಯುವವಳು, ಮೊಮ್ಮಗು ಕಂಡರೂ ಊರಿಗೆಲ್ಲ ಇನ್ನೂ ಪಾಪಚ್ಚಿಯೇ.

ಒಂದೇ ದಿನ ಹುಟ್ಟಿದರೂ ಇಬ್ಬರೂ ಒಟ್ಟಿಗೆ ಬೆಳೆಯಲಿಲ್ಲ. ನಾಲ್ಕು ವರ್ಷ ತುಂಬಿದ ಮೇಲೆ ಗುಬ್ಬಿಯನ್ನು ದೊಡ್ಡಮ್ಮನಿಗೆ ಕೊಟ್ಟರು. ದೊಡ್ಡಮ್ಮನಿಗೆ ಹುಟ್ಟಿದ ಒಂದೇ ಕೂಸು ಹುಟ್ಟಿದ ದಿನವೇ ಹೋಗಿತ್ತು. ಅದಾದ ಮೇಲೆ ಆಕೆ ಗೋಡೆ ಕಡೆ ಮುಖಮಾಡಿ ಮಲಗಿದವಳು ತಿಂಗಳುಗಟ್ಟಲೆ ಏಳಲಿಲ್ಲ, ಒಂದು ತುತ್ತನ್ನೂ ನೆಟ್ಟಗೆ ತಿನ್ನಲಿಲ್ಲ. ಅಕ್ಕ ಬದುಕಲಿ ಎಂದು ತಂಗಿ ತನ್ನ ಇಬ್ಬರಲ್ಲಿ ಒಬ್ಬಳನ್ನು ಕೊಟ್ಟಳು. ಅಕ್ಕ ಬದುಕಿದಳು ಕೂಡ. ಗುಬ್ಬಿಯನ್ನು ಅಂಗೈಯಲ್ಲಿಟ್ಟುಕೊಂಡು ಸಾಕಿದಳು, ಓದಿಸಿದಳು, ಮದುವೆ ಮಾಡಿದಳು, ಎರಡು ವರ್ಷದ ಹಿಂದೆ ಗುಬ್ಬಿಯ ಕೈ ಹಿಡಿದುಕೊಂಡೇ ಕಣ್ಣು ಮುಚ್ಚಿದಳು. ದೂರಲು ಏನೂ ಇರಲಿಲ್ಲ.

ಆದರೂ ಗುಬ್ಬಿಯ ಎದೆಯೊಳಗೆ ಒಂದು ಮುಳ್ಳು ಮುರಿದುಕೊಂಡಿತ್ತು. ಇಬ್ಬರಲ್ಲಿ ನಾನೇ ಯಾಕೆ? ಈ ಪ್ರಶ್ನೆಯನ್ನು ಅವಳು ಬಾಯಿಬಿಟ್ಟು ಯಾರನ್ನೂ ಕೇಳಿರಲಿಲ್ಲ. ಕೇಳದೆಯೇ ಉತ್ತರ ಸಿಕ್ಕಿತ್ತು. ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದದ್ದು ಒಂದೇ. ಗುಬ್ಬಿ ಗಟ್ಟಿಗಿತ್ತಿ, ಎಲ್ಲಿ ಬಿಟ್ಟರೂ ಬದುಕುತ್ತಾಳೆ. ಪಾಪಚ್ಚಿ ಮೆತ್ತಗಿನವಳು, ಎದೆ ವೀಕು, ತಾಯಿ ಬಿಟ್ಟು ಇರಲಾರಳು. ಹೊಗಳಿಕೆಯೇ. ಆದರೆ ಚಿಕ್ಕ ಗುಬ್ಬಿಯ ಕಿವಿಗೆ ಅದು ಬೇರೆಯಾಗಿ ಬಿದ್ದಿತ್ತು. ಕಳೆದುಕೊಂಡರೂ ತಡೆದುಕೊಳ್ಳಬಹುದಾದವಳನ್ನು ಕೊಟ್ಟರು, ಬಿಟ್ಟಿರಲಾರದವಳನ್ನು ಇಟ್ಟುಕೊಂಡರು ಎಂದು.

ಆ ದಿನದ್ದು ಎಂದು ಅವಳಿಗೆ ನೆನಪಿದ್ದದ್ದು ಒಂದೇ ಚಿತ್ರ. ದೊಡ್ಡಪ್ಪನ ಹೆಗಲ ಮೇಲಿಂದ ಅವಳು ಹಿಂತಿರುಗಿ ನೋಡುತ್ತಿದ್ದಾಳೆ. ಅಮ್ಮ ನೆಲಕ್ಕೆ ಬಗ್ಗಿ ಏನೋ ಒರೆಸುತ್ತಿದ್ದಾಳೆ. ಕಾಣುವುದು ಬೆನ್ನು ಮಾತ್ರ. ಆ ಬೆನ್ನು ತಿರುಗಲೇ ಇಲ್ಲ. ಮಗಳು ಮನೆ ಬಿಟ್ಟು ಹೋಗುವಾಗಲೂ ನೆಲ ಒರೆಸುವುದೇ ಹೆಚ್ಚಾಯಿತೇ ಎಂದು ನಲವತ್ತೆರಡು ವರ್ಷ ಅವಳು ಆ ಬೆನ್ನನ್ನು ಕೇಳುತ್ತಲೇ ಇದ್ದಳು.

ರಜೆಯಲ್ಲಿ ಹದಿನೈದು ದಿನ ಹೆತ್ತಮನೆಗೆ ಹೋದಾಗಲೂ ಅಷ್ಟೆ. ಅಮ್ಮ ಅವಳಿಗೆ ಮೊದಲು ಬಡಿಸುವಳು, ಒಳ್ಳೆಯ ಹೊದಿಕೆ ಕೊಡುವಳು, ತಟ್ಟೆ ಎತ್ತಲೂ ಬಿಡುವವಳಲ್ಲ. ಪಾಪಚ್ಚಿಗೆ ಮಾತ್ರ ದಿನಕ್ಕೆ ಹತ್ತು ಸಲ ಬೈಗುಳ. ತಲೆ ಬಾಚಿಕೊಂಡಿಲ್ಲ, ಬಾಗಿಲು ಹಾಕಿಲ್ಲ, ಕಾಲು ತೊಳೆದಿಲ್ಲ. ಗುಬ್ಬಿ ಬೇಕೆಂದೇ ಒಂದು ಸಲ ಲೋಟ ಒಡೆದಳು. ಅಮ್ಮ ಚೂರು ಆಯ್ದು, ಕೈಗೆ ಚುಚ್ಚಲಿಲ್ಲ ತಾನೇ ಎಂದು ಕೇಳಿ ಸುಮ್ಮನಾದಳು. ಅವತ್ತು ರಾತ್ರಿ ಗುಬ್ಬಿ ಹಲ್ಲು ಕಚ್ಚಿಕೊಂಡು ಮಲಗಿದಳು, ಅಳಲಿಲ್ಲ. ಗಟ್ಟಿಗಿತ್ತಿ ಅಳುವುದುಂಟೇ?

ಹೀಗಾಗಿ, ಅಮ್ಮನೂ ಇಲ್ಲದ ಈಗ, ಅಪ್ಪನ ಜೊತೆ ಎರಡು ವಾರ ಒಂದೇ ಸೂರಿನ ಕೆಳಗೆ ಇರುವುದೆಂದರೆ ಅವಳಿಗೆ ಒಳಗೊಳಗೇ ದಿಗಿಲು. ಮಾತೇನು ಆಡುವುದು? ಪಾಪಚ್ಚಿ ಅಪ್ಪನನ್ನು 'ನೀನು' ಎಂದು ಗದರಿಸುವವಳು. ಇವಳು 'ನೀವು' ಎನ್ನುವವಳು. ಗಂಡ ಸ್ಕೂಲು ಬಸ್ಸಿನ ಡ್ರೈವರು, ಬೆಳಿಗ್ಗೆ ಆರಕ್ಕೆ ಹೋದರೆ ಸಂಜೆಯೇ ಬರುವುದು. ಮಗ ಬೇರೆ ಊರಿನ ಹಾಸ್ಟೆಲಿನಲ್ಲಿ. ಮನೆಯಲ್ಲಿ ಅಪ್ಪ, ಮಗಳು, ಮತ್ತು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಕಣ್ಣಿಗೆ ಬಿಡುವ ಹನಿ. ಮಧ್ಯಾಹ್ನದ ಹನಿಗೆ ಅವಳು ವರ್ಕ್‌ಶಾಪಿನಿಂದ ಬಂದುಹೋಗುತ್ತಿದ್ದಳು. ಮಾತೆಲ್ಲ ಹನಿಯ ಸುತ್ತಲೇ ತಿರುಗುತ್ತಿತ್ತು. ಹನಿ ಬಿಡಲಾ? ಬಿಡಮ್ಮ. ಉರಿಯುತ್ತಾ? ಇಲ್ಲಮ್ಮ.

ಅಪ್ಪ ಜೀವನವಿಡೀ ಅಂಗಡಿ ಬೋರ್ಡು ಬರೆದವರು. ಆಪರೇಷನ್ ಆದ ಮೂರನೇ ದಿನ ಪಟ್ಟಿ ತೆಗೆದಿದ್ದ ಎಡಗಣ್ಣಿನಲ್ಲಿ ಅಡುಗೆಮನೆಯ ಗೋಡೆ ನೋಡಿ ಬೆರಗಾದರು. ಬಲಗಣ್ಣು ಮುಚ್ಚಿ ನೋಡಿದರು, ಎಡಗಣ್ಣು ಮುಚ್ಚಿ ನೋಡಿದರು. ಬಲಗಣ್ಣಿಗೆ ಗೋಡೆ ಹಳದಿ, ಎಡಗಣ್ಣಿಗೆ ಅಚ್ಚ ಬಿಳಿ. ಹಾಗಾದರೆ ಕೊನೆಕೊನೆಗೆ ತಾನು ಬರೆದ ಬೋರ್ಡುಗಳ ಬಣ್ಣವೆಲ್ಲ ಏನಾಗಿತ್ತೋ, ಗಿರಾಕಿಗಳು ಮರ್ಯಾದೆಗೆ ಸುಮ್ಮನಿದ್ದರೇನೋ ಎಂದು ನಗಾಡಿದರು. ಗುಬ್ಬಿಯೂ ನಕ್ಕಳು. ಅಲ್ಲಿಂದ ಮಾತು ಸ್ವಲ್ಪ ಸಲೀಸಾಯಿತು.

ಎಂಟನೆಯ ದಿನ ಮೂರು ಗಂಟೆಗೆ ತಪಾಸಣೆಯಿತ್ತು. ಬೆಳಿಗ್ಗೆಯಿಂದ ಅಪ್ಪನನ್ನು ಮನೆಯಲ್ಲಿ ಒಂಟಿಯಾಗಿ ಬಿಟ್ಟು, ಮತ್ತೆ ಕರೆದುಕೊಂಡು ಬರುವುದಕ್ಕಿಂತ ವರ್ಕ್‌ಶಾಪಿನಲ್ಲೇ ಕೂರಲಿ ಎಂದು ಗುಬ್ಬಿ ಜೊತೆಗೇ ಕರೆತಂದಳು. ಕಪ್ಪು ಕನ್ನಡಕ ಹಾಕಿಕೊಂಡು, ಅವಳ ಮೇಜಿನ ಪಕ್ಕ ಸ್ಟೂಲಿನ ಮೇಲೆ ಅಪ್ಪ ನೆಟ್ಟಗೆ ಕೂತರು. ಮಗಳು ಕೆಲಸ ಮಾಡುವುದನ್ನು ಅವರು ನೋಡಿದ್ದು ಅದೇ ಮೊದಲು. ಅವಳು ಚುಕ್ಕಿಯಿಡುವಾಗ ಉಸಿರು ಹಿಡಿಯುತ್ತಿದ್ದಳು, ಅಪ್ಪನೂ ಹಿಡಿಯುತ್ತಿದ್ದರು. ಅಕ್ಷರದ ತುದಿ ಎಳೆಯುವಾಗ ತಾನೂ ಹೀಗೇ ಉಸಿರು ಕಟ್ಟುತ್ತಿದ್ದೆ ಎಂದು ಹೇಳಿಕೊಂಡರು.

ವರ್ಕ್‌ಶಾಪಿನ ಯಜಮಾನರು ಬಾಯಿ ಸುಮ್ಮನಿರದ ಮನುಷ್ಯ, ಆದರೆ ಮನಸ್ಸು ಒಳ್ಳೆಯದು. ಊಟದ ಹೊತ್ತಿಗೆ ಬಂದು ಅಪ್ಪನ ಎದುರು ಕುರ್ಚಿ ಎಳೆದುಕೊಂಡು, ವಯಸ್ಸೆಷ್ಟು, ಮಕ್ಕಳೆಷ್ಟು ಎಂದು ಶುರುಮಾಡಿದರು. ಅವಳಿ ಎಂದು ಕೇಳಿ ಕಿವಿ ನಿಮಿರಿತು. ಒಬ್ಬಳು ದೊಡ್ಡಮ್ಮನ ಮನೆಯಲ್ಲಿ ಬೆಳೆದಳು ಎಂದಾಗ, ಮನೆಯಲ್ಲಿ ನಲವತ್ತೆರಡು ವರ್ಷ ಯಾರೂ ಕೇಳದ್ದನ್ನು ಅವರು ಹಲ್ಲಿನ ಸಂದಿಯ ಚೂರು ತೆಗೆಯುತ್ತಾ ಕೇಳಿಬಿಟ್ಟರು.

"ಅಲ್ಲ ಸ್ವಾಮಿ, ಇಬ್ಬರೂ ಒಂದೇ ಥರ ಇರೋವಾಗ ಯಾರನ್ನ ಕೊಡೋದು, ಯಾರನ್ನ ಇಟ್ಕೊಳ್ಳೋದು ಅಂತ ಹೇಗೆ ತೀರ್ಮಾನ ಮಾಡಿದ್ರಿ?"

ಗುಬ್ಬಿಯ ಕೈಯಲ್ಲಿದ್ದ ಲೆನ್ಸು ನಿಂತಲ್ಲೇ ನಿಂತಿತು. ಅಪ್ಪ ರೂಢಿಯ ಮಾತನ್ನು ನಾಲಿಗೆ ತುದಿಗೆ ತಂದರು. "ಇವಳು ಗಟ್ಟಿ..." ಎಂದವರು ಅಲ್ಲಿಗೇ ನಿಂತರು. ಅಷ್ಟರಲ್ಲಿ ಮುಂದಿನ ಕೌಂಟರಿನಿಂದ ಯಾರೋ ಕರೆದರು, ಯಜಮಾನರು ಎದ್ದು ಹೋದರು. ಅವರು ಆಮೇಲೆ ಆ ಪ್ರಶ್ನೆಯನ್ನೇ ಮರೆತರು.

ಅಪ್ಪ ಮರೆಯಲಿಲ್ಲ. ಕಪ್ಪು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಮೆಷಿನ್ ನಿಲ್ಲಿಸುತ್ತೀಯಾ ಎಂದರು. ಗುಬ್ಬಿ ನಿಲ್ಲಿಸಿದಳು.

"ನಿಮ್ಮಮ್ಮ ನನ್ನ ಹತ್ತಿರ ಆಣೆ ಹಾಕಿಸ್ಕೊಂಡಿದ್ಲು," ಎಂದರು. "ಅವಳೂ ಹೋದ್ಲು, ನಿಮ್ಮ ದೊಡ್ಡಮ್ಮನೂ ಹೋದ್ರು. ಇನ್ನು ನಾನೊಬ್ಬ ಇದನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲಿ. ನೀನು ಗಟ್ಟಿ ಅಂತಾಗ್ಲಿ, ಅವಳು ಮೆತ್ತಗೆ ಅಂತಾಗ್ಲಿ ಕೊಟ್ಟಿದ್ದಲ್ಲ ಮಗಳೇ."

ಆಮೇಲೆ ನಿಧಾನವಾಗಿ, ಒಂದೊಂದೇ ಅಕ್ಷರ ಬರೆದಂತೆ, ಅವರು ಆ ದಿನವನ್ನು ಹೇಳಿದರು. ದೊಡ್ಡಮ್ಮ ದೊಡ್ಡಪ್ಪ ಬೆಳಗಿನ ಬಸ್ಸಿಗೆ ಬಂದಿದ್ದರು. ಒಂದು ಮಗು ಕೊಡುವುದೆಂದು ಮೊದಲೇ ಮಾತಾಗಿತ್ತು. ಯಾವ ಮಗು ಎಂದು ಆಗಿರಲಿಲ್ಲ. ಅಡುಗೆಮನೆಯಲ್ಲಿ ನಾಲ್ವರೂ ಮೂರು ತಾಸು ಕೂತರು. ಹೆತ್ತವಳು ನೀನು, ನೀನೇ ಹೇಳು ಎಂದಳು ಅಕ್ಕ. ನನ್ನ ಬಾಯಲ್ಲಿ ಬರುವುದಿಲ್ಲ, ನೀನೇ ಆರಿಸಿಕೋ ಎಂದಳು ತಂಗಿ. ನಾನು ಹೇಗೆ ಆರಿಸಲಿ, ಇನ್ನೊಂದು ಮಗುವಿನ ಮುಖ ಹೇಗೆ ನೋಡಲಿ ಎಂದಳು ಅಕ್ಕ. ಗಂಡಸರಿಬ್ಬರೂ ಕೈಚೆಲ್ಲಿ ಕೂತಿದ್ದರು. ವಾಪಸು ಬಸ್ಸು ನಾಲ್ಕಕ್ಕೆ. ಮಕ್ಕಳಿಬ್ಬರೂ ಹೊರಕೋಣೆಯಲ್ಲಿ ಒಂದೇ ಚಾಪೆಯ ಮೇಲೆ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಕೊನೆಗೆ ಅಮ್ಮ ಹೇಳಿದಳು: ನಾನು ಯಾರನ್ನೂ ಎಬ್ಬಿಸುವುದಿಲ್ಲ, ನೀವೂ ಎಬ್ಬಿಸಬೇಡಿ. ತಾನಾಗಿ ಯಾವುದು ಮೊದಲು ಏಳುತ್ತೋ ಅದನ್ನು ಕರೆದುಕೊಂಡು ಹೋಗಿ. ಇಬ್ಬರೂ ಏಳದೆ ಬಸ್ಸು ಹೋದರೆ ಈ ಮಾತು ಇಲ್ಲಿಗೇ ಬಿಡೋಣ.

ಎಲ್ಲರೂ ಬಾಗಿಲಲ್ಲಿ ನಿಂತು, ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಮೂರೂಕಾಲಾಯಿತು, ಮೂರೂವರೆಯಾಯಿತು. ಕಿಟಕಿಯ ಕಟ್ಟೆಯ ಮೇಲೆ ಅಪ್ಪ ಅರ್ಧ ಡಬ್ಬಿ ನೀಲಿ ಬಣ್ಣ ಇಟ್ಟಿದ್ದರು. ಬೆಳಿಗ್ಗೆ ಒಂದು ಔಷಧದಂಗಡಿಯ ಬೋರ್ಡು ಬರೆದು ಉಳಿದದ್ದು. ಮುಚ್ಚಳ ಸಡಿಲ. ಪಕ್ಕದ ಮನೆಯ ಬೆಕ್ಕು ಕಿಟಕಿಯಿಂದ ಒಳಗೆ ಹಾರಿತು. ಡಬ್ಬಿ ದಡಾರನೆ ನೆಲಕ್ಕೆ ಬಿತ್ತು. ಒಂದು ಮಗು ಎದ್ದು ಕೂತಿತು. ಇನ್ನೊಂದು ಮಗ್ಗುಲು ಬದಲಿಸಿ ನಿದ್ದೆ ಮುಂದುವರಿಸಿತು.

"ಬೆಕ್ಕಾ?" ಎಂದಳು ಗುಬ್ಬಿ.

"ಬೆಕ್ಕು."

"ಅವಳು ಯಾಕೆ ಏಳಲಿಲ್ಲ?"

"ನೀನು ಕಿಟಕಿ ಬದಿಗಿದ್ದೆ. ಡಬ್ಬಿ ನಿನ್ನ ತಲೆ ಹತ್ತಿರ ಬಿತ್ತು. ಹಿಂದಿನ ದಿನ ಅವಳು ಮಲಗಿದ್ಲು ಆ ಬದಿ. ಯಾವ ಬದಿಗೆ ಯಾರು ಅಂತ ಲೆಕ್ಕ ಏನಿರ್ಲಿಲ್ಲ, ಎಲ್ಲಿ ಬಿದ್ದುಕೊಂಡ್ರೆ ಅಲ್ಲಿ."

ಗುಬ್ಬಿ ತನ್ನ ಕೈಗಳನ್ನು ನೋಡಿಕೊಂಡಳು. ಕೇಳಬೇಕಾದ್ದು ಇನ್ನೊಂದಿತ್ತು. ಕೇಳಿಯೇಬಿಟ್ಟಳು. "ನಾನು ಹೋಗೋವಾಗ ಅಮ್ಮ ತಿರುಗಿ ನೋಡ್ಲಿಲ್ಲ. ನೆಲ ಒರೆಸ್ತಾ ಇದ್ಲು. ಅದೊಂದು ನನಗೆ ನೆನಪಿದೆ ಅಪ್ಪ."

"ಆ ಬಣ್ಣಾನೇ ಒರೆಸ್ತಿದ್ದಿದ್ದು," ಎಂದರು ಅಪ್ಪ. "ತಲೆ ಎತ್ತಿದ್ರೆ ಕೊಡಲ್ಲ ಅಂದ್ಬಿಡ್ತಿದ್ಲು. ಕೊಡಲ್ಲ ಅಂದಿದ್ರೆ ಅವಳಕ್ಕ ಉಳೀತಿರ್ಲಿಲ್ಲ. ಅದಕ್ಕೆ ತಲೆ ಎತ್ತಲಿಲ್ಲ. ನೀವು ಹೋದ ಮೇಲೂ ಒರೆಸ್ತಾನೇ ಇದ್ಲು, ಕತ್ತಲಾಗೋವರೆಗೂ. ನಾನೇ ಹೋಗಿ ಬಟ್ಟೆ ಕಿತ್ಕೊಂಡೆ."

ಆಮೇಲೆ ಅಮ್ಮನೇ ಕಾರಣಗಳನ್ನು ಕಟ್ಟಿದಳಂತೆ. ಬೆಕ್ಕು ಹಾರಿತು, ಅದಕ್ಕೆ ನಿನ್ನನ್ನು ಕೊಟ್ಟೆವು ಎಂದು ಮಗುವಿಗೆ ಹೇಳಲಾಗುತ್ತದೆಯೇ? ಏನಾದರೂ ಒಂದು ಕಾರಣವಿದ್ದರೆ ಮಗು ತಡೆದುಕೊಳ್ಳುತ್ತದೆ ಎಂದು, ಇವಳು ಗಟ್ಟಿ, ಅವಳು ಮೆತ್ತಗೆ ಎಂದು ಇಬ್ಬರಿಗೂ ಒಂದೊಂದು ಒಳ್ಳೆಯ ಮಾತು ಹಂಚಿದಳು. ರಜೆಯಲ್ಲಿ ಬಂದ ಗುಬ್ಬಿಗೆ ಬೈಯುತ್ತಿರಲಿಲ್ಲ ಯಾಕೆಂದರೆ, ಬೈದರೆ ತನ್ನಲ್ಲೇ ಏನೋ ತಪ್ಪಿತ್ತು, ಅದಕ್ಕೇ ಕೊಟ್ಟರು ಎಂದು ಮಗು ತಿಳಿದುಕೊಂಡೀತೆಂಬ ಹೆದರಿಕೆ. ಲೋಟ ಒಡೆದ ದಿನ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಅತ್ತಿದ್ದಳಂತೆ.

ಗುಬ್ಬಿಗೆ ಮೊದಲು ಬಂದದ್ದು ನಗು. ಎಲ್ಲಿಂದ ಬಂತೋ ಅವಳಿಗೇ ತಿಳಿಯಲಿಲ್ಲ. ಹೊಟ್ಟೆಯ ಆಳದಿಂದ ಎದ್ದು ಭುಜ ಕುಲುಕಿಸಿತು. ನಗುತ್ತಾ ನಗುತ್ತಾ ಅದು ಯಾವಾಗ ಅಳುವಾಯಿತೋ ಅದೂ ತಿಳಿಯಲಿಲ್ಲ. ಲೆನ್ಸು ಒರೆಸುವ ಬಟ್ಟೆಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಪಕ್ಕದ ಮೇಜಿನ ಹುಡುಗಿ ನೀರು ತಂದಿಟ್ಟು, ಏನೂ ಕೇಳದೆ ಹೋದಳು. ಅಪ್ಪ ಹೆದರಿ ಸ್ಟೂಲಿನಿಂದ ಎದ್ದು ನಿಂತಿದ್ದರು. ತಪ್ಪು ಮಾಡಿದೆನೇ, ಹೇಳಬಾರದಿತ್ತೇ ಎಂದು ತಡವರಿಸಿದರು.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ನೀನು?" ಎಂದಳು ಗುಬ್ಬಿ. 'ನೀನು' ಎಂದದ್ದು ಅವಳ ಗಮನಕ್ಕೇ ಬರಲಿಲ್ಲ. "ಯಾರೂ ನನ್ನನ್ನ ಆರಿಸ್ಲಿಲ್ಲ ಅಂದ್ರೆ, ಯಾರೂ ನನ್ನನ್ನ ಬೇಡ ಅನ್ನಲೂ ಇಲ್ಲ ಅಂತ ತಾನೇ? ಅಷ್ಟು ಗೊತ್ತಾಗಿದ್ರೆ ಸಾಕಿತ್ತಲ್ಲ ಅಪ್ಪ."

ಅಪ್ಪ ಅವಳನ್ನೇ ನೋಡಿದರು. ಮಗಳು ಕೇಳಿದರೆ ಒಡೆದುಹೋಗುತ್ತಾಳೆ ಎಂದು ಹೆಂಡತಿಯೂ ತಾನೂ ಬಚ್ಚಿಟ್ಟಿದ್ದ ವಿಷಯ, ಈಗ ನೋಡಿದರೆ ಅವಳ ಮುಖ ತೊಳೆದಿಟ್ಟ ಹಾಗಾಗಿದೆ. ಮುಚ್ಚಳ ಸಡಿಲ ಬಿಟ್ಟದ್ದು ತಾನು, ಡಬ್ಬಿಯನ್ನು ಕಿಟಕಿಯಲ್ಲಿಟ್ಟದ್ದು ತಾನು, ಹಾಗಾಗಿ ಮಗಳನ್ನು ಕಳಿಸಿದ್ದು ತಾನೇ ಎಂದು ಇಷ್ಟು ವರ್ಷ ಒಬ್ಬನೇ ನುಂಗಿಕೊಂಡಿದ್ದೆ ಎಂದು ಅವರೂ ಹೇಳಿದರು. ಡಬ್ಬಿಯನ್ನು ಎಲ್ಲೋ ಒಂದು ಕಡೆ ಇಡಲೇಬೇಕಿತ್ತಲ್ಲ ಅಪ್ಪ, ಎಂದಳು ಗುಬ್ಬಿ. ಇಬ್ಬರೂ ಕಣ್ಣೊರೆಸಿಕೊಂಡರು. ಆಪರೇಷನ್ ಆದ ಕಣ್ಣನ್ನು ಉಜ್ಜಬಾರದು ಎಂದು ಅವಳೇ ಅಪ್ಪನ ಕೈ ಹಿಡಿದು ತಡೆದಳು. ತಪಾಸಣೆಗೆ ಇಪ್ಪತ್ತು ನಿಮಿಷ ತಡವಾಗಿ ಹೋದರು. ಕಣ್ಣು ಸ್ವಲ್ಪ ಕೆಂಪಗಿದೆ, ಮಿಕ್ಕಂತೆ ಎಲ್ಲ ಚೆನ್ನಾಗಿದೆ ಎಂದರು ಡಾಕ್ಟರು.

ಭಾನುವಾರ ಪಾಪಚ್ಚಿ ಬಂದಳು. ಫೋನಿನಲ್ಲಿ ಹೇಳುವ ಮಾತಲ್ಲ ಎಂದು ಗುಬ್ಬಿ ಅಲ್ಲಿಯ ತನಕ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಊಟವಾದ ಮೇಲೆ ಮೂವರೂ ಬಾಲ್ಕನಿಯಲ್ಲಿ ಕೂತಾಗ ಅಪ್ಪನೇ ಮತ್ತೊಮ್ಮೆ ಮೊದಲಿನಿಂದ ಹೇಳಿದರು. ಗುಬ್ಬಿ ಪಾಪಚ್ಚಿಯ ಮುಖವನ್ನೇ ನೋಡುತ್ತಿದ್ದಳು. ತನಗಾದಂತೆ ಅವಳಿಗೂ ನಗು ಬರುತ್ತದೆ ಎಂದುಕೊಂಡಿದ್ದಳು. ಪಾಪಚ್ಚಿ ನಗಲಿಲ್ಲ.

"ಹಾಗಾದ್ರೆ ನನ್ನೆದೆ ವೀಕು ಅಂತ ಯಾವ ಡಾಕ್ಟರ್ ಹೇಳಿದ್ದು?" ಎಂದು ಕೇಳಿದಳು.

"ಯಾವ ಡಾಕ್ಟರೂ ಇಲ್ಲ ಕಣಮ್ಮ," ಎಂದರು ಅಪ್ಪ, ತಲೆ ತಗ್ಗಿಸಿ.

ಪಾಪಚ್ಚಿಯ ಒಳಗೂ ಒಂದು ಮುಳ್ಳಿತ್ತೆಂದು ಗುಬ್ಬಿಗೆ ಆವತ್ತೇ ಗೊತ್ತಾದದ್ದು. ದೊಡ್ಡಮ್ಮ ಬಂದು ಇಬ್ಬರನ್ನೂ ನೋಡಿ ಗಟ್ಟಿಯಾದದ್ದನ್ನು ಆರಿಸಿಕೊಂಡು ಹೋದರು, ಉಳಿದದ್ದು ತಾನು ಎಂದು ಪಾಪಚ್ಚಿ ತಿಳಿದಿದ್ದಳು. ಎದೆ ವೀಕು ಎಂದು ಈಜಲು ಬಿಡಲಿಲ್ಲ, ಸ್ಕೂಲಿನ ಪ್ರವಾಸಕ್ಕೆ ಕಳಿಸಲಿಲ್ಲ. ಇಪ್ಪತ್ತನೇ ವಯಸ್ಸಿನಲ್ಲಿ ದೂರದೂರಿನಲ್ಲಿ ನರ್ಸಿಂಗ್ ಓದಲು ಸೀಟು ಸಿಕ್ಕಿತ್ತು. ಯಾರೂ ಬೇಡ ಎನ್ನಲಿಲ್ಲ; ತಾನೇ ಹೆದರಿ ಬಿಟ್ಟಳು. ಮೆಟ್ಟಿಲು ಹತ್ತಿ ಏದುಸಿರು ಬಂದಾಗಲೆಲ್ಲ ಎದೆ ಮೇಲೆ ಕೈಯಿಟ್ಟುಕೊಂಡು ನಿಲ್ಲುತ್ತಿದ್ದಳು. ಏದುಸಿರು ಎಲ್ಲರಿಗೂ ಬರುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಸಿಟ್ಟು ಬಂತು ಅವಳಿಗೆ, ಬರಬೇಕಾದ್ದೇ. ಎದ್ದು ಒಳಗೆ ಹೋಗಿ ಪಾತ್ರೆಗಳನ್ನು ಸದ್ದಾಗುವ ಹಾಗೆ ತೊಳೆದಳು. ಗುಬ್ಬಿ ಹಿಂದೆಯೇ ಹೋಗಿ ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತಳು. ಮೂರು ತಟ್ಟೆ, ಎರಡು ಬೋಗುಣಿ ಒರೆಸಿಟ್ಟಳು.

"ನಿನಗೆ ದೊಡ್ಡ ಮನೆ ಸಿಕ್ತು ಅಂತ ಹೊಟ್ಟೆ ಉರ್ಕೊಂಡಿದ್ದೆ ಕಣೇ," ಎಂದಳು ಪಾಪಚ್ಚಿ, ನಲ್ಲಿ ನಿಲ್ಲಿಸದೆ.

"ನಿನಗೆ ಅಮ್ಮ ಬೈತಾಳೆ ಅಂತ ನಾನು ಹೊಟ್ಟೆ ಉರ್ಕೊಂಡಿದ್ದೆ," ಎಂದಳು ಗುಬ್ಬಿ.

ಪಾಪಚ್ಚಿ ತಿರುಗಿ ನೋಡಿದಳು. "ಅದಕ್ಕೂ ಹೊಟ್ಟೆ ಉರ್ಕೊಳ್ಳೋರು ಇದಾರಾ?" ಎಂದಳು. ಆಗ ನಗು ಬಂತು, ಸೋಪಿನ ಕೈಯಲ್ಲೇ ಮೂಗು ಒರೆಸಿಕೊಂಡು ನಕ್ಕಳು. ಡಬ್ಬಿ ಸ್ವಲ್ಪ ಈ ಕಡೆ ಬಿದ್ದಿದ್ದರೆ ನಾನು ಕನ್ನಡಕ ಮಾಡುತ್ತಿದ್ದೆ, ನೀನು ಯೂನಿಫಾರ್ಮ್ ಹೊಲಿಯುತ್ತಿದ್ದೆ ಎಂದಳು. ಇಲ್ಲ, ನಿನಗೆ ತಾಳ್ಮೆ ಸಾಲದು, ಒಂದು ಲೆನ್ಸೂ ನೆಟ್ಟಗೆ ಕೂರುತ್ತಿರಲಿಲ್ಲ ಎಂದಳು ಗುಬ್ಬಿ. ನೀನು ಹೊಲಿದ ಚಡ್ಡಿ ಮಕ್ಕಳು ಹಾಕಿಕೊಂಡ ಹಾಗೇ ಎಂದಳು ಪಾಪಚ್ಚಿ. ಒಳಗೆ ಮಾತಿನ ಸದ್ದು ಏರಿದ್ದು ಕೇಳಿ, ಜಗಳವೋ ಏನೋ ಎಂದು ಅಪ್ಪ ಬಾಗಿಲಿಗೆ ಬಂದು ಇಣುಕಿ, ಸಮಾಧಾನವಾಗಿ ವಾಪಸು ಹೋದರು.

ಅವತ್ತು ಸಂಜೆಯ ಬಸ್ಸಿಗೆ ಹೋಗಬೇಕಾಗಿದ್ದ ಅಪ್ಪ, ಪಾಪಚ್ಚಿ ಇಬ್ಬರೂ ಮರುದಿನ ಬೆಳಗಿನ ಬಸ್ಸಿಗೆ ಹೋದರು. ಹೋಗುವ ಮೊದಲು ಪಾಪಚ್ಚಿ, ಅಪ್ಪನ ಬಲಗಣ್ಣಿನ ಆಪರೇಷನ್ನೂ ಇಲ್ಲೇ ಆಗಲಿ, ಆಗ ತಾನೂ ಹದಿನೈದು ದಿನ ಇಲ್ಲೇ ಇರುತ್ತೇನೆ, ಹೊಲಿಗೆಯನ್ನು ಮನೆಯವರು ಹೇಗಾದರೂ ನೋಡಿಕೊಳ್ಳಲಿ ಎಂದು ಹೇಳಿದಳು. ಬಸ್ಸು ಹೊರಟಾಗ ಅಪ್ಪ ಕಿಟಕಿಯಿಂದ ತಲೆ ಹೊರಹಾಕಿ ಎದುರಿನ ಬೇಕರಿಯ ಬೋರ್ಡು ಓದುತ್ತಿದ್ದರು. ಪಾಪಚ್ಚಿ ಅವರ ಭುಜ ಹಿಡಿದು ಒಳಗೆಳೆದಳು.

ಗುಬ್ಬಿ ಅಲ್ಲಿಂದ ನೇರ ವರ್ಕ್‌ಶಾಪಿಗೆ ನಡೆದಳು. ಹನ್ನೊಂದು ಜೊತೆ ಬಾಕಿಯಿದ್ದವು. ಯಜಮಾನರು ಎಂದಿನಂತೆ ಬಂದು, ತಂದೆಯವರು ಹೋದರಾ, ಕಣ್ಣು ಹೇಗಿದೆ ಎಂದು ಕೇಳಿದರು. ಆವತ್ತು ಕೇಳಿದ ಪ್ರಶ್ನೆಗಾಗಿ ಇವರಿಗೆ ಏನೋ ಹೇಳಬೇಕೆನಿಸಿತು ಅವಳಿಗೆ, ಹೇಗೆ ಹೇಳುವುದೆಂದು ತೋಚಲಿಲ್ಲ. ಚೆನ್ನಾಗಿದೆ ಸಾರ್, ಮುಂದಿನ ತಿಂಗಳು ಇನ್ನೊಂದು ಕಣ್ಣು, ಆಗ ನನ್ನ ಅವಳಿಯೂ ಬರುತ್ತಾಳೆ, ಒಂದು ವಾರ ರಜೆ ಬೇಕು ಎಂದಳು. ಹದಿನೆಂಟು ವರ್ಷದಲ್ಲಿ ಅವಳು ಒಟ್ಟಿಗೆ ಒಂದು ವಾರ ರಜೆ ಕೇಳಿದ್ದೇ ಇಲ್ಲ. ಯಜಮಾನರು ಕತ್ತೆತ್ತಿ ಅವಳ ಮುಖ ನೋಡಿ, ತಗೊಳ್ಳಮ್ಮ ಎಂದರು.

ಗುಬ್ಬಿ ಮೊದಲನೆಯ ಚೀಟಿ ಬಿಚ್ಚಿ, ಮೆಷಿನ್ ಹಾಕಿದಳು.